ಪರದೆಯಾಚೆಯ ಕೊನೆಯ ಬೆಂಚು

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ದೆವ್ವಗಿವ್ವ ನಂಬುವವನಲ್ಲ. ನಮ್ಮ ಮಕ್ಕಳೂ ಹೊರದೇಶದ ಒಂದು ತರಗತಿಯವರೂ ವಾರಕ್ಕೊಮ್ಮೆ ಆನ್‌ಲೈನಿನಲ್ಲಿ ಸೇರಿ, ತಮ್ಮ ತಮ್ಮ ಕೋಣೆಯ ಉಷ್ಣಾಂಶ ಅಳೆದು, ಥರ್ಮಾಮೀಟರನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸುತ್ತಿದ್ದರು. ನಮ್ಮ ಕಡೆ ಆ ಕೆಲಸ ಕೊನೆಯ ಬೆಂಚಿನ ಹುಡುಗಿಯದು. ಒಂದು ಸಂಜೆ ಥರ್ಮಾಮೀಟರ್ ಸಮೇತ ಶಾಲೆಯಿಂದ ಹೊರಟವಳು ಮನೆ ಸೇರಲೇ ಇಲ್ಲ.

ಮುಂದಿನ ವಾರ ಪರದೆಯಲ್ಲಿ ನೋಡಿದರೆ, ಆ ಹೊರದೇಶದ ತರಗತಿಯ ಕೊನೆಯ ಬೆಂಚಿನಲ್ಲಿ ಅವಳು ನಮ್ಮ ಯೂನಿಫಾರ್ಮಿನಲ್ಲೇ ಕೂತಿದ್ದಳು. ಆ ಬೆಂಚು ಖಾಲಿ ಇದೆಯೆಂದರು ಅಲ್ಲಿಯ ಟೀಚರ್. ಅವಳು ಎದ್ದು ನಿಂತು ಥರ್ಮಾಮೀಟರ್ ತೋರಿಸಿದಳು.

ಈಗ ಪ್ರತಿ ವಾರ ಅವಳ ಅಮ್ಮ ಬಂದು ಪರದೆಯ ಮುಂದೆ ಕೂರುತ್ತಾರೆ.

"ಹೋದ ವಾರಕ್ಕಿಂತ ಇಳಿದಿದೆ ಅಲ್ವಾ, ಮೇಷ್ಟ್ರೇ? ನನ್ ಮಗು ನಡುಗ್ತಿದೆ."

ಕಳೆದ ಸಲ ಅವರು ಸ್ವೆಟರೊಂದನ್ನು ನಮ್ಮ ಖಾಲಿ ಬೆಂಚಿನ ಮೇಲಿಟ್ಟು ಹೋದರು. ಇವತ್ತು ಪರದೆಯಲ್ಲಿ ಅದು ಹುಡುಗಿಯ ಮೈಮೇಲಿತ್ತು. ಪಾದರಸ ಇನ್ನೂ ಇಳಿದಿತ್ತು.