ಡೆಡ್ ಮ್ಯೂಲ್ ಗಣಿಯ ನೀಲಿ

ಪಿಸ್ತೂಲಿನ ಮೂತಿ ನನ್ನ ಬೆನ್ನಿಗೆ ಚುಚ್ಚುತ್ತಿತ್ತು.

"ನಡಿ ಎಲ್ವೀರಾ... ನಿಂತ್ಯೋ, ಇಲ್ಲೇ ಸಮಾಧಿ!"

ನಡೆದೆ. ಪಿಸ್ತೂಲಿಗೆ ಹೆದರಿ ಅಲ್ಲ. ಅದನ್ನು ಹಿಡಿದವನ ಹೆಗಲ ಮೇಲೆ ಒಂದು ಸುರುಳಿ ಹಗ್ಗವಿತ್ತು. ನನಗೆ ಬೇಕಾಗಿದ್ದದ್ದು ಆ ಹಗ್ಗ!

ನಮ್ಮ ಬೆನ್ನ ಹಿಂದೆ, ಸುರಂಗದ ಕವಲಿನಲ್ಲಿ ಒಂದು ಹಾಳು ಗುಂಡಿ. ಅದರ ತಳದಲ್ಲಿ ನನ್ನ ಜೊತೆಗಾರ ಡೆಲ್ಬರ್ಟ್ ಕಾಲು ಮುರಿದುಕೊಂಡು ಬಿದ್ದಿದ್ದ. ಬಿದ್ದಿದ್ದ ಅಂದೆನಲ್ಲ, ತಪ್ಪು. ಇವನು ತಳ್ಳಿದ್ದ.

ಇವನು ಅಂದರೆ ಥರ್ಮನ್ ಪ್ರೂವಿಟ್. ಅರಿಜೋನಾದಲ್ಲಿ ಬಣ್ಣದ ಕಲ್ಲು ಮಾರುವವರಲ್ಲಿ ದೊಡ್ಡ ಕುಳ. ಹುಟ್ಟಿದಾಗಿನಿಂದ ಒಂದು ಕಲ್ಲನ್ನೂ ತಾನಾಗಿ ಅಗೆದವನಲ್ಲ. ಬೇರೆಯವರು ಬೆವರು ಸುರಿಸಿ ಅಗೆದದ್ದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೆಳಗೆ ತನ್ನ ಹೆಸರು ಬರೆದುಕೊಳ್ಳುವ ಜಾತಿ. ಹಾವಿನ ಚರ್ಮದ ಬೂಟು ಹಾಕಿಕೊಂಡು ಬಂದಿದ್ದ. ಗಣಿಯೊಳಕ್ಕೆ!

ನನ್ನ ಕಸುಬು ಬೇರೆ. ಹಳೇ ಗಣಿಗಳಲ್ಲಿ ಸಿಕ್ಕಿಬಿದ್ದವರನ್ನು ಎಳೆದು ತರುತ್ತೇನೆ. ಕಳುವಾದ ಕಲ್ಲು ಹುಡುಕಿಕೊಡುತ್ತೇನೆ. ಈ ಮರುಭೂಮಿಯಲ್ಲಿ ನನಗೆ ಗೊತ್ತಿಲ್ಲದ ಬಿಲವಿಲ್ಲ, ಗೊತ್ತಿಲ್ಲದ ಹೆಗ್ಗಣವೂ ಇಲ್ಲ.

ಈ ರಗಳೆ ಶುರುವಾದದ್ದು ಬಾರಿನಲ್ಲಿ. ಬಿಯರ್ ತಲೆಗೇರಿದ ಡೆಲ್ಬರ್ಟ್ ಮೇಜು ಗುದ್ದಿ ಹೇಳಿದ್ದ, "ಡೆಡ್ ಮ್ಯೂಲ್ ಗಣೀಲಿ ನನಗೆ ನೀಲಿ ಹರಳಿನ ಗೂಡು ಸಿಕ್ಕಿದೆ! ಅಜುರೈಟು! ಒಂದೊಂದೂ ಗುಲಾಬಿ ಹೂವಿದ್ದಂಗೆ!" ಎಲ್ಲರೂ ನಕ್ಕರು. ಯಾಕೆಂದರೆ ನಮ್ಮಲ್ಲಿ ಕಲ್ಲು ಹುಡುಕುವ ಪ್ರತಿಯೊಬ್ಬ ಮುದುಕನಿಗೂ ಕುಡಿದಾಗ ಒಂದು ನೀಲಿ ಗೂಡು ಸಿಕ್ಕೇ ಸಿಗುತ್ತದೆ. ಬೆಳಗಾದರೆ ಗೂಡೂ ಇಲ್ಲ, ಗುಲಾಬಿಯೂ ಇಲ್ಲ.

ನಗದೇ ಇದ್ದವನು ಥರ್ಮನ್ ಒಬ್ಬನೇ. ನಂಬಿಬಿಟ್ಟ, ಪೆದ್ದ! ಡೆಲ್ಬರ್ಟನ ಬೆನ್ನು ಹತ್ತಿ ಗಣಿಗೆ ಬಂದು ಗೂಡು ಎಲ್ಲಿ ಅಂತ ಕೇಳಿದ. ಮುದುಕ ಇದ್ದದ್ದನ್ನೇ ಹೇಳಿದ, ಗೂಡು ಗೀಡು ಏನೂ ಇಲ್ಲ ಅಂತ. ಥರ್ಮನ್ ಸಿಟ್ಟಿನಲ್ಲಿ ಅವನನ್ನು ಗುಂಡಿಗೆ ನೂಕಿದ. ಆಮೇಲೆ ನನಗೆ ಫೋನು. "ಗೂಡು ತೋರಿಸು, ಹಗ್ಗ ಇಳಿಸ್ತೀನಿ."

ಇಲ್ಲದ ಗೂಡನ್ನು ಎಲ್ಲಿಂದ ತೋರಿಸಲಿ? ಇಲ್ಲ ಅಂದರೆ ಹಗ್ಗವಿಲ್ಲ. ಹಗ್ಗವಿಲ್ಲದಿದ್ದರೆ ಡೆಲ್ಬರ್ಟ್ ಇಲ್ಲ.

ಅದಕ್ಕೇ ಬಲಗಡೆ ತಿರುಗಿದೆ.

ಗೋಡೆಯ ಮೇಲೆ ಹಸಿರು ಪಟ್ಟೆ ಮಿಂಚಿತು. ಥರ್ಮನ್ ನಿಂತ. ಬಗ್ಗಿ, ನಾಲಿಗೆ ಚಾಚಿ, ಗೋಡೆಯನ್ನು ನೆಕ್ಕಿದ!

ಅಸಹ್ಯ ಪಡಬೇಡಿ. ಕಲ್ಲಿನವರೆಲ್ಲ ನೆಕ್ಕುತ್ತಾರೆ. ಒದ್ದೆಯಾದರೆ ನಿಜವಾದ ಬಣ್ಣ ಕಾಣುತ್ತದೆ, ನಾಲಿಗೆಗೆ ಅಂಟಿದರೆ ಇಂಥ ಕಲ್ಲು ಅಂತ ಗೊತ್ತಾಗುತ್ತದೆ. ಆದರೆ ನಾವು ತುದಿ ನಾಲಿಗೆ ತಾಗಿಸುತ್ತೇವೆ. ಥರ್ಮನ್ ಕುಲ್ಫಿ ತಿನ್ನುವವನ ಹಾಗೆ ಪೂರಾ ನಾಲಿಗೆ ಹಾಕುತ್ತಿದ್ದ. ತನ್ನಂಥ ನಾಲಿಗೆ ಈ ರಾಜ್ಯದಲ್ಲೇ ಇಲ್ಲ ಅಂತ ಅವನ ಜಂಬ.

"ಮ್ಯಾಲಕೈಟು," ಅಂದ. "ಕಸ. ಮುಂದೆ ನಡಿ!"

ಇನ್ನಷ್ಟು ಮುಂದೆ ತಿಳಿನೀಲಿ ಕಲ್ಲು. ಮತ್ತೆ ನೆಕ್ಕಿದ. ನಾಲಿಗೆ ಪಟ್ಟನೆ ಅಂಟಿಕೊಂಡಿತು.

"ಕ್ರೈಸೊಕೊಲ್ಲ! ಅಂಟ್ತದೆ ನೋಡು. ನನ್ನ ನಾಲಿಗೆಗೆ ಮೋಸ ಮಾಡೋಕಾಗಲ್ಲ, ತಿಳ್ಕೋ!"

"ಆಹಾ... ಎಂಥ ನಾಲಿಗೆ!" ಅಂದೆ.

ಆಸಾಮಿ ಉಬ್ಬಿಹೋದ.

ಸುರಂಗದ ಕೊನೆಗೆ ಬಂದೆವು. ಅವನ ದೀಪ ಗೋಡೆಗೆ ಬಿತ್ತು. ಗೋಡೆ ತುಂಬ ನೀಲಿ! ಮೇಲಿಂದ ಕೆಳಗಿನವರೆಗೆ ದಟ್ಟ ನೀಲಿ ಹರಳು!

"ಅಯ್ಯೋ ದೇವರೇ..." ಅವನು ಗೋಡೆಯ ಹತ್ತಿರ ಸರಿದ.

ಹಗಲ ಬೆಳಕಿನಲ್ಲಾಗಿದ್ದರೆ ಅವನಿಗೂ ಗೊತ್ತಾಗುತ್ತಿತ್ತು. ಆದರೆ ಅಲ್ಲಿದ್ದದ್ದು ಹಳದಿ ದೀಪ, ಅದರ ಹಿಂದೆ ಆಸೆಬುರುಕ ಕಣ್ಣು. ಎಡಗೈಯಲ್ಲಿ ದೊಡ್ಡದೊಂದು ಹರಳು ಮುರಿದುಕೊಂಡ. ಪಿಸ್ತೂಲು ನನ್ನ ಕಡೆಗೇ ಇತ್ತು. ಕಣ್ಣು ಮುಚ್ಚಿ, ಸುಖವಾಗಿ, ಪೂರಾ ನಾಲಿಗೆ ಹಾಕಿ ನೆಕ್ಕಿದ.

ಅದು ಅಜುರೈಟ್ ಅಲ್ಲ. ಮೈಲುತುತ್ತ!

ತಾಮ್ರದ ನೀರು ಗೋಡೆಯಲ್ಲಿ ಜಿನುಗಿ ಒಣಗಿ ಕಟ್ಟಿದ ಶುದ್ಧ ಮೈಲುತುತ್ತ. ಬಾಯಲ್ಲಿ ಕರಗುತ್ತದೆ. ಕರಗಿತು.

"ಥೂ! ಥೂ!! ಏನೇ ಇದು, ರಾಕ್ಷಸಿ! ನೀರು... ನೀರು ಕೊಡೇ!"

ನನ್ನ ಹೆಗಲಿನ ನೀರಿನ ಡಬ್ಬಿ ಬಿಚ್ಚಿ ಕೊಟ್ಟೆ. ಕಸಿದುಕೊಂಡ. ಮುಚ್ಚಳ ಗಟ್ಟಿಯಾಗಿ ತಿರುಗಿಸಿಟ್ಟಿದ್ದೆ. ಒಂದು ಕೈಯಲ್ಲಿ ಯಾರೂ ಬಿಚ್ಚಲಾರರು. ಪಿಸ್ತೂಲನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯಿಂದ ತಿರುವಿ, ಗಟಗಟ ಸುರಿದುಕೊಂಡ. ಬಾಯಿ ಮುಕ್ಕಳಿಸಿ ಉಗುಳುವುದು ಬಿಟ್ಟು ನುಂಗಿದ, ದಡ್ಡ ಶಿಖಾಮಣಿ!

ಅವನ ಮಂಡಿಗೆ ಒದ್ದೆ.

ಪಿಸ್ತೂಲು ಜಾರಿತು. ನನ್ನ ಕೈ ಮೊದಲು ತಲುಪಿತು. ಅವನು ಓಡಿದ... ಹಗ್ಗದ ಸಮೇತ!

ನಾನೂ ಓಡಿದೆ. ಮುಂದೆ ಅವನ ದೀಪ ಕುಣಿಯುತ್ತಿತ್ತು. ಲಡ್ಡು ಹಿಡಿದ ತೊಲೆಗಳು, ಕಾಲಿಗೆ ತೊಡರುವ ಹಳಿ. ಗುಂಡು ಹಾರಿಸುವಂತಿಲ್ಲ. ಹಾರಿಸಿದರೆ ಇಡೀ ಬೆಟ್ಟ ಇಬ್ಬರ ತಲೆಯ ಮೇಲೆ!

ತಿರುವಿನಲ್ಲಿ ನಿಂತುಬಿಟ್ಟ. ಅವನ ಪಕ್ಕದಲ್ಲಿ ನೀರು ತುಂಬಿದ ಪಾತಾಳದಂಥ ಬಾವಿ. ಹಗ್ಗವನ್ನು ಅದರ ಮೇಲೆ ಚಾಚಿ ಹಿಡಿದ.

"ಇನ್ನೊಂದು ಹೆಜ್ಜೆ ಇಟ್ರೆ ಹಗ್ಗ ನೀರಿಗೆ! ನಿನ್ನ ಮುದುಕ ಅಲ್ಲೇ ಕೊಳೀತಾನೆ! ಪಿಸ್ತೂಲು ಕೆಳಗಿಡು!"

ಸುಳ್ಳು ಹೇಳುವುದಿಲ್ಲ, ಆಗ ಹೆದರಿದೆ. ಹತ್ತಿರದ ಊರು ಮರಳಿನಾಚೆ. ಇನ್ನೊಂದು ಹಗ್ಗ ತರುವ ಹೊತ್ತಿಗೆ ಡೆಲ್ಬರ್ಟ್ ಹೆಣವಾಗಿರುತ್ತಿದ್ದ.

"ಇಡ್ತೀನಿ ಥರ್ಮನ್... ಇಡ್ತೀನಿ ಇರು..."

ನಿಧಾನವಾಗಿ ಬಗ್ಗಿದೆ. ಆದಷ್ಟೂ ನಿಧಾನವಾಗಿ. ಅವನ ಮುಖವನ್ನೇ ನೋಡುತ್ತಿದ್ದೆ. ಹಣೆಯಲ್ಲಿ ಬೆವರು. ತುಟಿ ಬಿಳಿಚಿಕೊಂಡಿತು. ಗಂಟಲು ಮೇಲೆ ಕೆಳಗೆ ಆಡಿತು. ಹೊಟ್ಟೆಗೆ ಹೋದ ಮೈಲುತುತ್ತ ಒಳಗೆ ಸುಮ್ಮನೆ ಕೂರುವ ವಸ್ತುವಲ್ಲ.

"ಬೇಗ ಇಡೇ... ಉವ್ವ್..."

ವಾಂತಿ! ಎರಡಾಗಿ ಮಡಚಿಕೊಂಡ. ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿ, ನೆಗೆದು ಹಗ್ಗ ಹಿಡಿದೆ. ಇನ್ನೊಂದು ಕೈಯಿಂದ ಅವನ ಕಾಲರ್ ಹಿಡಿದೆ. ಇಲ್ಲದಿದ್ದರೆ ಬಾವಿಗೆ ಹೋಗುತ್ತಿದ್ದ. ಕರುಣೆಯಿಂದ ಅಂದುಕೊಂಡಿರಾ? ಡೆಲ್ಬರ್ಟನನ್ನು ಎಳೆಯಲು ಒಂದು ಎತ್ತು ಬೇಕಿತ್ತು.

ಅವನನ್ನು ಗುಂಡಿಯ ಬಾಯಿಗೆ ಎಳೆದು ತಂದು ಹಗ್ಗ ಇಳಿಸಿದೆ. "ಡೆಲ್ಬರ್ಟ್! ಇದ್ದೀಯೇನೋ?"

ಗುಂಡಿಗೆ ಬಗ್ಗಿ ಮತ್ತೆ ಕೂಗಿದೆ.

"ಲೋ ಮುದುಕಾ!"

"ಬಾಯಿ ಮುಚ್ಚೇ! ಕೆಲಸದಲ್ಲಿದ್ದೀನಿ!" ಕೆಳಗಿಂದ ದನಿ ಬಂತು. ಕಣ್ಣಲ್ಲಿ ನೀರು ಬಂದಿತು ನನಗೆ. ಕತ್ತಲಿತ್ತು, ಯಾರೂ ನೋಡಲಿಲ್ಲ.

ಹಗ್ಗದ ತುದಿಯನ್ನು ಥರ್ಮನ್ ಕೈಗೆ ಕೊಟ್ಟು ಪಿಸ್ತೂಲು ತೋರಿಸಿದೆ. ಎಳೆದ. ವಾಂತಿ ಮಾಡಿಕೊಂಡು ಎಳೆದ. ಅಳುತ್ತಾ ಎಳೆದ.

"ಆಗಲ್ಲ... ಈ ಮುದುಕ ಇಷ್ಟು ಭಾರ ಹೆಂಗಿದಾನೆ?"

"ಎಳಿ! ನೂಕುವಾಗ ಹಗುರ ಇದ್ದನಾ?"

ಕೊನೆಗೂ ಡೆಲ್ಬರ್ಟನ ಮಣ್ಣು ಮೆತ್ತಿದ ತಲೆ ಮೇಲೆ ಬಂತು. ಮುರಿದ ಕಾಲಿಗೆ ಹಲಗೆ ಕಟ್ಟಿಕೊಂಡಿದ್ದ. ಅಂಗಿಯ ಹೊಟ್ಟೆ ಬಸುರಿಯ ಹಾಗೆ ಉಬ್ಬಿತ್ತು. ನೆಲಕ್ಕೆ ಉರುಳಿ, ಅಂಗಿಯ ಗುಂಡಿ ಬಿಚ್ಚಿದ.

ಕಲ್ಲುಗಳು ಉರುಳಿ ಬಿದ್ದವು. ಕಡುನೀಲಿ! ಹೂವಿನ ಹಾಗೆ ಅರಳಿದ ಅಜುರೈಟ್, ಈ ಸಲ ನಿಜವಾದದ್ದು! ಜನ್ಮವಿಡೀ ಸುಳ್ಳು ಹೇಳಿಕೊಂಡು ಬಂದ ಗೂಡಿನ ಮೇಲೆಯೇ ಮುದುಕ ಹೋಗಿ ಬಿದ್ದಿದ್ದ.

ಥರ್ಮನ್ ಮೊಣಕಾಲೂರಿ ಬಾಯಿ ಬಿಟ್ಟುಕೊಂಡು ನೋಡಿದ. "ಎಲ್ಲಿ... ಎಲ್ಲಿತ್ತು ಇದು?"

ಡೆಲ್ಬರ್ಟ್ ಗಡ್ಡದ ಮಣ್ಣು ಕೊಡವಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನೂಕೋಕೆ ಮುಂಚೆ ಒಂದ್ಸಲ ಬಗ್ಗಿ ನೋಡಬಾರದಿತ್ತೇನಯ್ಯಾ?"