ಆರರ ನಂತರ ಹನ್ನೊಂದು

ಆರನೇ ಪುಟ ಆದಮೇಲೆ ಹನ್ನೊಂದನೇ ಪುಟ. ಹನ್ನೆರಡು ಸಂಚಿಕೆಯಲ್ಲೂ ಅದೇ ಹಾಡು.

"ಇದನ್ನ ಸ್ಕ್ಯಾನ್ ಮಾಡಿದವರು ಯಾರು?" ಲ್ಯಾಪ್‌ಟಾಪನ್ನು ಕೌಂಟರಿನ ಮೇಲೆ ಮಂಜೇಶರ ಕಡೆ ತಿರುಗಿಸಿ ಕೇಳಿದೆ.

"ನಾನೇ ಮೇಡಮ್."

"ನಿದ್ದೆಗಣ್ಣಲ್ಲಿ ಮಾಡಿದ್ರಾ?"

ಮಂಜೇಶ್ ನಕ್ಕರು. ಹಾಸನದ ಕಾಲೇಜೊಂದರ ಲೈಬ್ರರಿಯಲ್ಲಿ ಹಳೆಯ ಮಕ್ಕಳ ಪುಸ್ತಕಗಳ ಕೋಣೆ ಅವರ ಸುಪರ್ದಿ. ನಗುವಾಗ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾರೆ, ಕಣ್ಣಿಗೆ ಕಣ್ಣು ಸಿಗಬಾರದೆಂದು. ಆ ಕಣ್ಣು ಚೆನ್ನಾಗಿದೆ ಎಂಬುದು ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು.

"ಇದ್ದಿದ್ದೇ ಅಷ್ಟು. ಮುಂದಿನ ಶನಿವಾರ ಬನ್ನಿ, ನೋಡನ."

ನಾಲ್ಕು ತಿಂಗಳಿಂದ ಮುಂದಿನ ಶನಿವಾರ.

ನಾನು ಕೋಮಲಾ, ಹಿರೀಸಾವೆಯಲ್ಲಿ ಟೀಚರ್. ಗಂಡ ತೀರಿಕೊಂಡು ಆರು ವರ್ಷ. ಮಗಳು ನಿಸರ್ಗ ಮೂರನೇ ಕ್ಲಾಸು. ಮಕ್ಕಳ ಸಾಹಿತ್ಯದ ಮೇಲೆ ಪಿಎಚ್‌ಡಿ ಮಾಡುತ್ತೇನೆಂದು ಹೊರಟವಳಿಗೆ ಸ್ವಂತ ಮಗುವಿಗೆ ಒಂದು ಕತೆ ಹೇಳುವಷ್ಟು ಪುರುಸೊತ್ತಿಲ್ಲ. ಹಿಂದೆ ಚನ್ನರಾಯಪಟ್ಟಣದಿಂದ ಒಂದೇ ಒಂದು ವರ್ಷ ಹೊರಬಂದು ನಿಂತುಹೋದ 'ಎಳನೀರು' ಎಂಬ ಮಕ್ಕಳ ಮಾಸಪತ್ರಿಕೆಯ ಮೇಲೆ ನನ್ನ ಇಡೀ ಅಧ್ಯಾಯ ನಿಂತಿತ್ತು. ಆನ್‌ಲೈನ್ ಸಂಗ್ರಹಗಳನ್ನೆಲ್ಲ ಜಾಲಾಡಿದೆ. ಒಂದು ಸೈಟು ತೆರೆಯದು, ಇನ್ನೊಂದು ಪಾಸ್‌ವರ್ಡ್ ಕೇಳುತ್ತದೆ, ಮತ್ತೊಂದರಲ್ಲಿ ಬರೀ ಮುಖಪುಟ. ತೆರೆದದ್ದು ಇವರು ಹಾಕಿದ್ದೊಂದೇ. ಅದರಲ್ಲೂ ನಡುವಿನ ನಾಲ್ಕು ಪುಟ ಮಾಯ. ಸೋಮವಾರದೊಳಗೆ ತೋರಿಸದಿದ್ದರೆ ಆ ಅಧ್ಯಾಯ ಕೈಬಿಡಿ ಎಂದಿದ್ದರು ಗೈಡ್. ಬಿಟ್ಟರೆ ಉಳಿಯುವುದೇನು?

ನೀರು ಕುಡಿಯಲು ಹೊರಗೆ ಬಂದೆ. ಅಟೆಂಡರ್ ಬೈರಯ್ಯ ಬಾಗಿಲಲ್ಲಿ ಕೂತಿದ್ದ.

"ಯಾಕವ್ವ ಸಾಯೇಬ್ರನ್ನ ಬೈತೀಯ? ಎಂಡ್ರಿಲ್ಲ ಮಕ್ಕಳಿಲ್ಲ, ಭಾನ್ವಾರ ಆಯ್ತು ಅಂದ್ರೆ ನಿನ್ ಪುಟ ಉಡುಕ್ಕಂಡು ಗೊರೂರು, ಅರಕಲಗೂಡು ಅಂತ ಗಾಡಿ ಅತ್ಕಂಡು ಒಂಟೋಯ್ತರೆ. ಸಿಕ್ಕಿದ್ನೆಲ್ಲ ಬೀರೂನಾಗೆ ಇಟ್ಟವ್ರೆ, ಓಗಿ ನೋಡು."

ಒಳಗೆ ಹೋದೆ. "ಬೀರು ತೆಗೀರಿ."

ಮಂಜೇಶ್ ಬಾಗಿಲ ಕಡೆ ನೋಡಿದರು. "ಬೈರಯ್ಯ..."

"ತೆಗೀರಿ ಅಂದೆ."

ಒಂದು ಸೀರೆ ಡಬ್ಬ. ಅದರೊಳಗೆ ಅಂಗೈ ಅಗಲದ ಪುಟ್ಟ ಪುಸ್ತಕಗಳು, ಬಣ್ಣದ ದಾರದಲ್ಲಿ ಸೊಟ್ಟಸೊಟ್ಟ ಹೊಲಿದವು. ಒಂದರ ಮೇಲೆ ಮಗುವಿನ ಅಕ್ಷರ: 'ಲಕ್ಕಮ್ಮ, ನಾಲ್ಕನೇ ತರಗತಿ. ಯಾರೂ ಮುಟ್ಟಬೇಡಿ.'

"ನಡುವಿನ ಹಾಳೆ ಕಿತ್ತು, ಕತ್ತರಿಸಿ ಹೊಲ್ಕಂಡ್ರೆ ಒಂದು ಕತೆ ಪುಸ್ತಕ ಆಗೋದು. ಪತ್ರಿಕೆಯೋರೇ ಹಂಗೆ ಮಾಡಿ ಅಂತಿದ್ರು. ಮಕ್ಕಳೆಲ್ಲ ಕಿತ್ಕಂಡವ್ರೆ. ಇನ್ನು ಯಾವ ಸೈಟಲ್ಲಿ ಸಿಗುತ್ತೆ? ನಮಗೆ ದಾನ ಬಂದ ಪ್ರತಿಗಳ ಮೇಲೆ ಹಳೇ ಚಂದಾದಾರರ ಅಡ್ರೆಸ್ ಇತ್ತು. ಮನೆಮನೆಗೆ ಹೋದೆ."

ಎಣಿಸಿದೆ. ಹನ್ನೊಂದು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕೊಡಿ ಅಂತಿದ್ರಿ. ಒಂದು ಕಮ್ಮಿ ಇದೆ. ಹೊಳೆನರಸೀಪುರದಲ್ಲಿ ಒಂದು ಮನೆ ಬಾಕಿ. ಸೆಟ್ ಪೂರ್ತಿ ಆಗ್ದೆ ನಾನು ರಿಜಿಸ್ಟರಿಗೆ ಏರಿಸಲ್ಲ, ಹೊರಗೂ ಕೊಡಲ್ಲ ಮೇಡಮ್. ಹದಿನೈದು ವರ್ಷದ ಅಭ್ಯಾಸ."

ಅಳು ಬಂತು, ಸಿಟ್ಟಿನ ಅಳು. ಬಸ್ಸಿನಲ್ಲಿ ನಿಂತು ಬಂದ ಹದಿನಾರು ಶನಿವಾರ. ಹದಿನಾರು ಸಲ ಬಾಗಿಲಲ್ಲಿ ಮುಖ ಸಪ್ಪೆ ಮಾಡಿಕೊಂಡು ನಿಂತ ಮಗಳು.

"ಸಿಕ್ಕಿದ್ದಷ್ಟು ಕೊಟ್ಟಿದ್ರೆ ನಾನು ಎಷ್ಟು ದಿನ ನೆಮ್ಮದಿಯಾಗಿ ಇರ್ತಿದ್ದೆ. ಪೂರ್ತಿ ಆಗೋವರೆಗೂ ಎಲ್ಲಾನೂ ಹೀಗೇ ಬೀರುನಲ್ಲಿ ಇಡ್ತೀರಾ?"

ಕನ್ನಡಕ ಅವರ ಕೈಯಲ್ಲಿತ್ತು. ಈ ಸಲ ಒರೆಸಲಿಲ್ಲ. ನನ್ನನ್ನೇ ನೋಡಿದರು.

"ಹೂಂ. ಎಲ್ಲಾನೂ. ಮೊದ್ಲು ಸೆಟ್ ಆಗ್ಲಿ, ಆಮೇಲೆ ನಿಮ್ಮ ಥೀಸಿಸ್ ಮುಗೀಲಿ, ಮಗಳು ನನ್ನ ನೋಡ್ಲಿ, ಆಮೇಲೆ ಹೇಳನ ಅಂತ..."

"ಏನು?"

"ನೀವು ಬರದಿರೋ ಶನಿವಾರ ನಂಗೆ ವಾರ ಮುಗ್ದಂಗೇ ಅನ್ಸಲ್ಲ ಅಂತ."

ಬಾಗಿಲಾಚೆ ಬೈರಯ್ಯ ಕೆಮ್ಮಿದ.

ನಾನು ಡಬ್ಬ ಎತ್ತಿ ಬ್ಯಾಗಿಗೆ ಹಾಕಿಕೊಂಡೆ. ಮಂಜೇಶರ ಕೈ ತಾನಾಗಿ ರಿಜಿಸ್ಟರಿನತ್ತ ಹೋಯಿತು, ಅರ್ಧಕ್ಕೆ ನಿಂತಿತು, ಹಿಂದೆ ಬಂತು.

"ಗೈಡಿಗೆ ಹನ್ನೊಂದು ಸಾಕು," ಎಂದೆ. "ನಾಳೆ ಹೊಳೆನರಸೀಪುರಕ್ಕೆ ಎಷ್ಟೊತ್ತಿಗೆ ಹೋಗ್ತೀರಿ?"

"ಹತ್ತಕ್ಕೆ."

"ಬೈಕ್ ಬೇಡ. ಬಸ್ಸಲ್ಲಿ ಹೋಗೋಣ. ನಿಸರ್ಗನೂ ಬರ್ತಾಳೆ."

ಅವರು ಕನ್ನಡಕ ಹಾಕಿಕೊಂಡರು, ನನ್ನನ್ನು ಸರಿಯಾಗಿ ನೋಡಬೇಕೆಂಬಂತೆ. "ಹನ್ನೆರಡನೇದು ಅಲ್ಲೂ ಸಿಗದಿದ್ರೆ?"

"ಸಿಗದಿದ್ರೆ ಮುಂದಿನ ಭಾನುವಾರ ಬನ್ನಿ," ಎಂದೆ, "ನೋಡನ."