ಅವ್ವನ ಐಡಿ ಕಾರ್ಡ್ ಫೋಟೋ

ಮಕ್ಕಳೇ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕ್ಯಾಮೆರಾದ ಕತೆ ಹೇಳುವಷ್ಟು ನನಗೆ ಕ್ಯಾಮೆರಾ ಗೊತ್ತಿಲ್ಲ. ಯಾವುದಾದರೂ ಸಾಮಾನಿನ ಹೆಸರು ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಿ. ಆದರೂ ದಾನೇಶ್ವರಿಯ ಅವ್ವನ ಫೋಟೋಗೆ ಆದದ್ದನ್ನು ಹೇಳದೆ ಇರಲು ಆಗುತ್ತಿಲ್ಲ.

"ಅಲ್ಲಾಡ್ಬೇಡಿ ಅಕ್ಕ! ಇನ್ನೂ ಸೆಟ್ಟಿಂಗ್ ಆಗಿಲ್ಲ!" ಸಿದ್ದರಾಜು ಕೂಗಿದ.

ಮಹಾದೇವಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಅರ್ಧ ಗಂಟೆಯಾಗಿತ್ತು. ಬೆನ್ನ ಹಿಂದೆ ಬಿಳಿ ಬೆಡ್‌ಶೀಟು ಕಟ್ಟಿದ್ದರು. ಪಕ್ಕದಲ್ಲಿ ಅವಳ ಮಗಳು, ಐದನೇ ಕ್ಲಾಸಿನ ದಾನೇಶ್ವರಿ, ಪರಾತದಂಥ ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಹಿಡಿದು ನಿಂತಿದ್ದಳು. ಅವಳ ಕೈ ಸೋತುಹೋಗಿತ್ತು.

ಸಿದ್ದರಾಜು ತಾಯಿ ಮಗಳು ಬಾಡಿಗೆಗಿದ್ದ ಚಂದಾಪುರದ ವಠಾರದ ಓನರ್ ಮಗ. ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡು ನಾಲ್ಕು ತಿಂಗಳಾಗಿತ್ತು. ಈ ನಾಲ್ಕು ತಿಂಗಳಲ್ಲಿ ಇಂಟರ್‌ನೆಟ್ಟಿನಲ್ಲಿ ಓದಿ ಓದಿ ಒಂದು ಟ್ರೈಪಾಡು, ಎರಡು ಬ್ಯಾಗು, ಮೂರು ಫಿಲ್ಟರು, ದೊಡ್ಡ ಫ್ಲಾಶು, ಫ್ಲಾಶಿಗೊಂದು ಬಿಳಿ ಟೋಪಿ, ಧೂಳು ಊದುವ ರಬ್ಬರ್ ಬುರುಡೆ ಎಲ್ಲವನ್ನೂ ಆರಿಸಿ ತಂದಿದ್ದ. ಹೀಗಾಗಿ ಫೋಟೋ ತೆಗೆಯಲು ಪುರುಸೊತ್ತೇ ಸಿಕ್ಕಿರಲಿಲ್ಲ. ತೆಗೆದದ್ದು ಒಟ್ಟು ಹನ್ನೊಂದು. ಒಂಬತ್ತು ಅವನ ಬೈಕಿನವು. ಉಳಿದೆರಡು ಕ್ಯಾಮೆರಾ ಬ್ಯಾಗಿನವು.

"ಒಂದ್ ಮುಖಕ್ಕೆ ಇಷ್ಟೊಂದ್ ಸಾಮಾನಾ?" ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ನಾಗಲಕ್ಷ್ಮಮ್ಮ ಕೇಳಿದರು. "ಇಷ್ಟೊತ್ತಿಗೆ ನಾನೊಂದು ಮದ್ವೆ ಅಡ್ಗೆ ಮುಗಿಸ್ತಿದ್ದೆ."

"ಅಮ್ಮ, ಲೈಟಿಂಗ್ ಅಂದ್ರೆ ನಿಂಗೆ ಗೊತ್ತಾಗಲ್ಲ."

"ಯಾಕ್ ಗೊತ್ತಾಗಲ್ಲ? ಅಗೋ, ಮೇಲೈತಲ್ಲ," ಎಂದು ಅವರು ಸೂರ್ಯನನ್ನು ತೋರಿಸಿದರು.

ಮಹಾದೇವಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ನೆಲ ಒರೆಸುವ ಕೆಲಸ ಮಾಡುತ್ತಿದ್ದಳು. ಅಲ್ಲಿಗೆ ಹೊಸ ಕಾಂಟ್ರಾಕ್ಟರ್ ಬಂದಿದ್ದರು. ಎಲ್ಲರಿಗೂ ಹೊಸ ಕಾರ್ಡು, ಅದಕ್ಕೆ ಹೊಸ ಫೋಟೋ. ಕಾರ್ಡಿಲ್ಲದವರಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಅವಳು ಸ್ಟುಡಿಯೋಗೇ ಹೊರಟಿದ್ದಳು. ತಡೆದವಳು ದಾನೇಶ್ವರಿ.

"ಬ್ಯಾಡವ್ವಾ, ಸಿದ್ದಣ್ಣನ ಹತ್ರ ದೊಡ್ಡ ಕ್ಯಾಮೆರಾ ಐತಿ. ಮಸ್ತ್ ಬರ್ತೈತಿ."

ಅದಕ್ಕೊಂದು ಕಾರಣವಿತ್ತು. ಹೋದ ವಾರ ಅವ್ವ ಸ್ಕೂಲಿಗೆ ಬಂದಿದ್ದಾಗ ವೇಣಿ ಎಂಬ ಹುಡುಗಿ, "ಏನೇ, ನಿಮ್ಮಮ್ಮ ಇಷ್ಟೊಂದು ಕಪ್ಪು! ಗದ್ದದ ಮೇಲೆ ಅದೇನೇ ಗಲೀಜು?" ಎಂದು ನಕ್ಕಿದ್ದಳು. ಅದು ಗಲೀಜಲ್ಲ, ಹಚ್ಚೆ. ಮೂರು ಹಸಿರು ಚುಕ್ಕಿ. ದಾನೇಶ್ವರಿ ಅದನ್ನು ವೇಣಿಗೆ ಹೇಳಿರಲಿಲ್ಲ.

ಫೋಟೋ ತೆಗೆದಾಯಿತು. ಸಿದ್ದರಾಜು ದಾನೇಶ್ವರಿಯನ್ನು ಕಂಪ್ಯೂಟರ್ ಮುಂದೆ ಕೂರಿಸಿಕೊಂಡ.

"ಮೂರು ಸಾಫ್ಟ್‌ವೇರ್ ಇದೆ. ಇದು ಬಣ್ಣಕ್ಕೆ. ಇದು ಸ್ಕಿನ್ನಿಗೆ. ಇದು... ಯಾತಕ್ಕೋ ಗೊತ್ತಿಲ್ಲ, ಮೂವತ್ತು ದಿನ ಫ್ರೀ. ಯಾವ್ದು ಬೇಕು?"

"ಸ್ಕಿನ್ನಿಂದು," ಎಂದಳು ದಾನೇಶ್ವರಿ ತಟ್ಟನೆ.

"ಹಾಗಿದ್ರೆ ಮೌಸ್ ಹಿಡ್ಕೊ. ಈ ಗುಂಡೀನ ಬಲಕ್ಕೆ ಎಳಿ."

ಎಳೆದಳು. ಅವ್ವ ಬೆಳ್ಳಗಾದಳು.

"ಸಾಕಾ?"

"ಇನ್ನೊಂಚೂರು ಅಣ್ಣ."

ಸಿದ್ದರಾಜು ಪರದೆಗೆ ಮೂಗು ತಾಗಿಸಿ ನೋಡಿದ. "ಗದ್ದದ ಮೇಲೆ ಇದೇನು ಚುಕ್ಕಿ? ಕ್ಯಾಮೆರಾ ಒಳಗೆ ಸೆನ್ಸರ್ ಮೇಲೆ ಧೂಳು ಕೂತಿದೆ ಗುರು! ಆ ರಬ್ಬರ್ ಬುರುಡೆ ಡಬ್ಬಾ. ಇನ್ನೂ ಒಳ್ಳೇದು ತರ್ಬೇಕು."

ಮೂರು ವರ್ಷದಿಂದ ದಿನವೂ ನೋಡುವ ಮುಖ ಅದು. ಆದರೆ ಅವನಿಗೆ ಕಂಡದ್ದು ಧೂಳು.

ದಾನೇಶ್ವರಿ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಮೂರು ಕ್ಲಿಕ್ಕಿಗೆ ಮೂರು ಚುಕ್ಕಿಯೂ ಹೋದವು.

ಪ್ರಿಂಟ್ ಬಂದಾಗ ಅವ್ವ ಬಹಳ ಹೊತ್ತು ನೋಡಿದಳು. "ಚಂದ ಬಂದೈತಿ," ಎಂದಷ್ಟೇ ಹೇಳಿದಳು.

ಹೊಸ ಕಾರ್ಡಿನ ಮೊದಲ ದಿನ ಶಾಲೆಗೆ ರಜೆ. ತನ್ನ ಫೋಟೋದ ಮೆರವಣಿಗೆ ನೋಡಲು ಸಿದ್ದರಾಜು ಬ್ಯಾಗು ನೇತುಹಾಕಿಕೊಂಡು ಇಬ್ಬರನ್ನೂ ಬೈಕಿನಲ್ಲಿ ಕರೆದುಕೊಂಡು ಹೋದ.

ಗೇಟಿನಲ್ಲಿ ಸೆಕ್ಯುರಿಟಿ ಮಡಿವಾಳಪ್ಪ ಕಾರ್ಡು ನೋಡಿದ. ಮುಖ ನೋಡಿದ. ಮತ್ತೆ ಕಾರ್ಡು ನೋಡಿದ.

"ಯಕ್ಕಾ, ನೀವ್ ನೀವ ಅಂತ ನನಗ ಗೊತ್ತೈತ್ರಿ. ಈ ಕಾರ್ಡಿಗಿ ಗೊತ್ತಿಲ್ಲಲ್ಲ!"

ಹಿಂದೆ ನಿಂತಿದ್ದವರು ನಕ್ಕರು. ನಗು ಕೇಳಿ ಸೂಪರ್‌ವೈಸರ್ ನಲ್ಲಪ್ಪ ಬಂದ.

"ಯಾರಮ್ಮ ಇದು, ಸೋಪಿನ ಅಡ್ವರ್ಟೈಸ್‌ಮೆಂಟಾ? ನಾಳೆ ಈ ಕಾರ್ಡ್ ಹಾಕ್ಕೊಂಡು ಇನ್ಯಾರೋ ಒಳಗೆ ಬಂದ್ರೆ ನಾನು ಮನೆಗೆ ಹೋಗ್ಬೇಕಾ? ಹನ್ನೊಂದು ಗಂಟೆ ಒಳಗೆ ಸರಿಯಾದ ಫೋಟೋ ತನ್ನಿ. ಇಲ್ಲಾಂದ್ರೆ ನಿಮ್ ಜಾಗಕ್ಕೆ ಬೇರೆಯವ್ರು ರೆಡಿ ಇದಾರೆ."

ಆಗಲೇ ಹತ್ತು ಗಂಟೆ. ಅವ್ವನ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು.

ಸಿದ್ದರಾಜು ರಸ್ತೆ ಬದಿಯಲ್ಲಿ ಬ್ಯಾಗು ಬಿಚ್ಚಿದ. ಫ್ಲಾಶಿಗೆ ಸೆಲ್ಲಿರಲಿಲ್ಲ. ಟ್ರೈಪಾಡಿನ ಮೇಲೆ ಕ್ಯಾಮೆರಾ ಕೂರಿಸುವ ಬಿಲ್ಲೆ ಇನ್ನೊಂದು ಬ್ಯಾಗಿನಲ್ಲಿತ್ತು. ಇನ್ನೊಂದು ಬ್ಯಾಗು ಮನೆಯಲ್ಲಿತ್ತು. "ಯಾವ ಫಿಲ್ಟರ್ ಹಾಕ್ಲಿ?" ಎಂದು ಅವನು ಮೂರು ಡಬ್ಬಿ ಹಿಡಿದು ನಿಂತ.

"ಏನೂ ಬ್ಯಾಡ ಸಿದ್ದಣ್ಣ! ಸುಮ್ನ ತೆಗಿ!" ದಾನೇಶ್ವರಿ ಚೀರಿದಳು.

ಅವ್ವ ಕಾಂಪೌಂಡಿನ ಸುಣ್ಣದ ಗೋಡೆಗೆ ಒರಗಿ ನಿಂತಳು. ಬಿಸಿಲು ಮುಖದ ಮೇಲೆ ಬಿದ್ದಿತ್ತು. ಕ್ಲಿಕ್.

ಕ್ಯಾಮೆರಾದ ಪುಟ್ಟ ಪರದೆ ನೋಡಿ ಸಿದ್ದರಾಜು ಹುಬ್ಬು ಗಂಟಿಕ್ಕಿದ. "ಥೂ, ಮತ್ತೆ ಧೂಳು!"

"ಅದು ಧೂಳಲ್ಲ. ಅವ್ವನ ಹಚ್ಚಿ," ಎಂದಳು ದಾನೇಶ್ವರಿ. ಗೇಟಿನಲ್ಲಿ ನಿಂತಿದ್ದ ಮಡಿವಾಳಪ್ಪ ಸಿದ್ದರಾಜುವನ್ನು ನೋಡಿ ನಕ್ಕ.

ಹತ್ತಿರದ ಸ್ಟುಡಿಯೋದಲ್ಲಿ ಪ್ರಿಂಟಿಗಾಗಿ ಕಾಯುವಾಗ ಹುಡುಗಿ ನೆಲ ನೋಡುತ್ತ ನಿಂತಳು.

"ಅವ್ವಾ, ಬೆಳ್ಳಗ ಮಾಡಿದಾಕಿ ನಾನ. ಹಚ್ಚಿ ಅಳಿಸುವಾಗೂ ಸುಮ್ಮನಿದ್ದೆ."

"ಫೋಟೋ ಕೈಗೆ ಬಂದಾಗ ನನಗ ಗೊತ್ತಾತು," ಎಂದಳು ಅವ್ವ. "ನಾನೂ ಸುಮ್ಮನಿದ್ದೆ ಹೌದಿಲ್ಲೋ?"

"ಯಾವ ಎಫೆಕ್ಟ್ ಹಾಕ್ಲಿ ಮೇಡಂ?" ಸ್ಟುಡಿಯೋದವನು ಕೇಳಿದ.

"ಏನೂ ಹಾಕಬ್ಯಾಡ್ರಿ," ಎಂದು ತಾಯಿ ಮಗಳು ಒಟ್ಟಿಗೇ ಹೇಳಿದರು.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಮಹಾದೇವಿ ಹೊಸ ಫೋಟೋ ಕೊಟ್ಟು ಗೇಟು ದಾಟಿದಳು. ಒಳಗೆ ಹೋಗುವ ಮುಂಚೆ ತಿರುಗಿ ನೋಡಿ ಕೈ ಬೀಸಿದಳು. ಇಷ್ಟು ದೂರದಿಂದ ಆ ಮೂರು ಚುಕ್ಕಿ ಕಾಣುವುದಿಲ್ಲ. ಆದರೂ ದಾನೇಶ್ವರಿ ಅವನ್ನೇ ಹುಡುಕಿದಳು.

ಉಳಿದಿದ್ದ ಬೆಳ್ಳಗಿನ ಫೋಟೋಗಳನ್ನು ಅವ್ವ ಅವತ್ತು ಸಂಜೆ ಒಲೆಗೆ ಹಾಕಿದಳು. ಕೆಲವು ದಿನಗಳ ಮೇಲೆ ಗೋಡೆಯ ಕನ್ನಡಿ ಒರೆಸುವಾಗ ಅದರ ಹಿಂದಿನಿಂದ ಅದೇ ಬೆಳ್ಳಗಿನ ಫೋಟೋದ ಒಂದು ಪ್ರತಿ ಜಾರಿ ಬಿತ್ತು. ದಾನೇಶ್ವರಿ ಅದನ್ನು ಎತ್ತಿ, ಧೂಳು ಊದಿ, ಇದ್ದ ಜಾಗದಲ್ಲೇ ಸಿಕ್ಕಿಸಿದಳು. ಅವ್ವನನ್ನು ಏನೂ ಕೇಳಲಿಲ್ಲ.

ಆ ಒಂದನ್ನು ಮಹಾದೇವಿ ಯಾಕೆ ಉಳಿಸಿಕೊಂಡಳು? ಅದು ನನಗೂ ಗೊತ್ತಿಲ್ಲ.